ಮಧ್ಯಯುಗದ ನಾಣ್ಯಗಳ ಸಂಗ್ರಹಣೆ

ನಾಣ್ಯ ಸಂಗ್ರಹವೆಂದೊಡನೆ ಹೊನ್ನಿನ ವರಹಗಳು ಕಣ್ಮುಂದೆ ಸುಳಿಯುವುದು ಸಹಜ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಈ ಹವ್ಯಾಸವನ್ನು ಕೈಗೊಳ್ಳುವವರಿಗೆ ಮೊದಲು ಬೇಕಾದುದು ಐಶ್ವರ್ಯವಲ್ಲ. ನಾಡಿನ ಚರಿತ್ರೆಯ ಪರಿಚಯ ಮತ್ತು ಕ್ರಮವಾಗಿ ಬರೆದಿಡುವ ಒಂದು ಪುಸ್ತಕ.

ಮಳವಳ್ಳಿಗೆ ನೆರೆಯಲ್ಲಿರುವ ತಲಕಾಡು ಗಂಗರ ರಾಜಧಾನಿಯಾಗಿತ್ತು. ಆನೆಯ ಮುದ್ರೆಯುಳ್ಳ ಕೆಲವು ಹೊನ್ನಿನ ನಾಣ್ಯಗಳು ಗಂಗರವೆಂದು ರೂಢಿಯಲ್ಲಿ ಹೇಳುವುದುಂಟು. ಅರಸನ ಹೆಸರಿಲ್ಲದ ಕಾರಣ ಆ ವಿಷಯದಲ್ಲಿ ಚರ್ಚೆಗೆ ಎಡೆಯಿದೆ. ಹೊಯ್ಸಳರ ನಾಣ್ಯಗಳಲ್ಲಿ ಅಂತಹ ಸಂಶಯವಿಲ್ಲ. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನನು ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲಿಯೇ ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಇನ್ನೊಂದು ಮುಖದಲ್ಲಿ ಸಿಂಹ. ತೂಕ ಸುಮಾರು 4 ಗ್ರಾಂ. ತನ್ನ ಹೆಸರಿಗೆ ಬದಲಾಗಿ ಗೆದ್ದ ಊರಿನ ಹೆಸರನ್ನು ಬಿರುದಾಗಿ ಮೆರೆಸಿದ ಈ ನಾಣ್ಯವು ಕೈಗೆ ದೊರೆಯುವುದು ಅಪೂರ್ವ. ಆದರೆ ಶಾಸನಗಳಲ್ಲಿ ಅಂದಿನ ನಾಣ್ಯವ್ಯವಸ್ಥೆ ಯಾರಿಗೂ ದೊರೆಯುವಂತಿದೆ. ಹತ್ತು ಪಣಕ್ಕೆ ಒಂದು ಗದ್ಯಾಣ. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ‘ಎಪಿಗ್ರಾಫಿಯ ಕರ್ನಾಟಿಕ’ದ ಮಂಡ್ಯ ಜಿಲ್ಲೆಯ ಸಂಪುಟಗಳನ್ನೂ ಎ. ವಿ. ನರಸಿಂಹಮೂರ್ತಿಯವರ ನಾಣ್ಯಗ್ರಂಥವನ್ನೂ ಓದಿದ ಅಧ್ಯಾಪಕರು ಶಾಲೆಯಲ್ಲಿ ಒಂದೂ ನಾಣ್ಯವಿಲ್ಲದಾಗಲೂ ಪಾಠವನ್ನು ಆರಂಭಿಸಬಹುದು.

ಸಂಗ್ರಹಕ್ಕೆ ತಾಮ್ರದ ಕಾಸೇ ಯೋಗ್ಯವಾದ ಆರಂಭ. ಇಲ್ಲಿ ಹೊಸಬರನ್ನು ದಾರಿ ತಪ್ಪಿಸುವುದು ಆನೆ. ವಿಜಯನಗರದ ದೇವರಾಯನ ಕಾಸಿನಲ್ಲಿ ಆನೆಯಿದೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನನು ಅಚ್ಚುಹಾಕಿಸಿದ ಕಾಸಿನಲ್ಲಿಯೂ ಆನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ನಾಣ್ಯದಲ್ಲಿಯೂ ಆನೆಯೇ. ನಾಣ್ಯವನ್ನು ತಿರುವಿ ಹಾಕಿದರೆ ನಿರ್ಣಯ ಸುಲಭ. ದೇವರಾಯನದರಲ್ಲಿ ನಾಗರಿಯಲ್ಲೋ ಕನ್ನಡದಲ್ಲೋ ಹೆಸರು ಅಥವಾ ಬಿರುದು, ಟಿಪ್ಪುವಿನದರಲ್ಲಿ ಪಾರಸಿ ಲಿಪಿ, ಒಡೆಯರದರಲ್ಲಿ ಕನ್ನಡದೊಡನೆ ಇಂಗ್ಲಿಷ್. ಮೂರರಲ್ಲಿ ಮಧ್ಯಯುಗಕ್ಕೆ ಸೇರುವುದು ಮೊದಲನೆಯದು ಮಾತ್ರ. ಕಂಠೀರವ ನರಸರಾಜ ಒಡೆಯರ (1638–1659) ಕಂಠೀರವ ಹಣವೂ ಕಟ್ಟುನಿಟ್ಟಾಗಿ ನೋಡಿದರೆ ಈಚಿನದೇ. ಆದರೆ ಮದ್ದೂರಿನ ಉಗ್ರನರಸಿಂಹನನ್ನು ಕಂಡ ಬಾಲಕನಿಗೆ ಆ ಪುಟ್ಟ ಹೊನ್ನಿನ ಮೇಲಿನ ನರಸಿಂಹಮೂರ್ತಿ ಅಪರಿಚಿತವೆನಿಸದು. ಅದನ್ನು ಸಂಗ್ರಹದಿಂದ ಹೊರಗಿಡುವುದು ಅನಗತ್ಯವಾದ ಮಡಿವಂತಿಕೆ.

ನಾಣ್ಯಗಳಿಗೆ ಕಳ್ಳರಷ್ಟೇ ಶತ್ರು ಹುಣಿಸೆಹಣ್ಣು. ದೇವರ ಪೆಟ್ಟಿಗೆಯಲ್ಲಿದ್ದ ಕಾಸನ್ನು ಹಬ್ಬಕ್ಕೆ ತಿಕ್ಕಿ ಬೆಳಗಿದರೆ ಅಕ್ಷರಗಳೇ ಸವೆದುಹೋಗುತ್ತವೆ. ತಾಮ್ರದ ಮೇಲೆ ಕಟ್ಟಿದ ಹಸಿರು ಕಂದು ಪೊರೆಯನ್ನು ಹಾಗೆಯೇ ಬಿಡತಕ್ಕದ್ದು. ಹೊನ್ನಿನ ನಾಣ್ಯವು ಅಕ್ಕಸಾಲೆಯ ಮೂಸೆಯಲ್ಲಿ ಕರಗಿದರೆ ಉಳಿಯುವುದು ಚಿನ್ನದ ಬೆಲೆ ಮಾತ್ರ. ಎರಕ ಹೊಯ್ದ ನಕಲಿಗಳೂ ಸಂತೆಯಲ್ಲಿ ಬರುತ್ತವೆ. ಅಂಚಿನಲ್ಲಿ ಬೆಸುಗೆಯಂತಹ ಗೆರೆ ಕಂಡರೆ, ತೂಕದಲ್ಲಿ ವ್ಯತ್ಯಾಸವಾದರೆ ಎಚ್ಚರ ಅಗತ್ಯ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನೆಯ ನಾಣ್ಯವನ್ನು ಶಾಲೆಗೆ ಒಪ್ಪಿಸುವಾಗ ಅದರ ವೃತ್ತಾಂತವನ್ನೂ ಒಪ್ಪಿಸಬೇಕು. ಯಾವ ಊರು, ಯಾರ ಮನೆತನ, ಎಷ್ಟು ತಲೆಮಾರಿನಿಂದ ಬಂದುದು ಎಂಬ ನಾಲ್ಕು ಸಾಲುಗಳಿಲ್ಲದಿದ್ದರೆ ಅಪೂರ್ವವಾದ ನಾಣ್ಯವೂ ಅರ್ಧ ಮೂಕವಾಗುತ್ತದೆ. ಹೊಲ ಉಳುವಾಗಲೋ ತಳಪಾಯ ತೋಡುವಾಗಲೋ ಸಿಕ್ಕ ನಿಧಿಯ ವಿಷಯ ಬೇರೆ. ಅದನ್ನು ಹಂಚಿಕೊಳ್ಳದೆ, ಮಡಕೆಯ ಸಮೇತ ಇದ್ದಂತೆಯೇ ಇಟ್ಟು, ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಶಾಲೆಯ ಪೆಟ್ಟಿಗೆಗೆ ಸೇರಿದ ಪ್ರತಿಯೊಂದು ನಾಣ್ಯಕ್ಕೂ ಒಂದು ಕಾಗದದ ಲಕೋಟೆ, ಲಕೋಟೆಯ ಮೇಲೆ ಸಂಖ್ಯೆ, ಅದೇ ಸಂಖ್ಯೆಯಡಿ ಪುಸ್ತಕದಲ್ಲಿ ತೂಕ, ಲೋಹ, ಎರಡೂ ಮುಖಗಳ ವಿವರ, ಕೊಟ್ಟವರ ಊರು ಮತ್ತು ತಾರೀಖು ಇರಬೇಕು.