ಮಗಳ ಬೆನ್ನುಚೀಲಕ್ಕೊಂದು ಹಗುರ ಪಾತ್ರೆ

“ಅಮ್ಮಾ, ಈ ಸಲ ಹಿಮಾಲಯಕ್ಕೆ ಒಬ್ಬಳೇ ಚಾರಣ ಹೋಗ್ತೀನಿ” ಎಂದು ಮಗಳು ಹೇಳಿದಾಗ ಒಗ್ಗರಣೆಗೆ ಹಾಕಿದ ಸಾಸಿವೆ ಸೀದುಹೋಯಿತು. ಒಂದು ವಾರ ಮನೆಯಲ್ಲಿ ಮಾತಿಲ್ಲ, ಕಥೆಯಿಲ್ಲ. ಕೊನೆಗೆ ಸೋತವಳು ನಾನೇ. ಹೋಗುವುದು ಖಂಡಿತ ಎಂದಮೇಲೆ ಹೊಟ್ಟೆಗೆ ಬಿಸಿಯಾಗಿ ತಿನ್ನುವ ಏರ್ಪಾಡಾದರೂ ನಾನು ಮಾಡಬೇಡವೇ?

ಅವಳು ಆರಿಸಿಟ್ಟಿದ್ದು ಟೈಟಾನಿಯಂ ಪಾತ್ರೆ. ಬೆಲೆ ಸಾವಿರಗಟ್ಟಲೆ! “ಒಬ್ಬಳು ಉಪ್ಪಿಟ್ಟು ಮಾಡಿಕೊಳ್ಳೋದಕ್ಕೆ ಇಷ್ಟು ದುಡ್ಡೇನೇ?” ಎಂದೆ. “ಬೆನ್ನ ಮೇಲೆ ಹೊರೋಳು ನಾನಮ್ಮಾ, ಒಂದೊಂದು ಗ್ರಾಮೂ ಲೆಕ್ಕ” ಎಂದಳು. ಅದೂ ನಿಜವೇ. ಹಾಗಾದರೆ ಲೆಕ್ಕವನ್ನೇ ಹಾಕೋಣ ಎಂದು ಅಡಿಗೆಮನೆಯ ತಕ್ಕಡಿ ಇಳಿಸಿದೆವು.

ಒಂದು ಲೀಟರು ಹಿಡಿಯುವ ನಮ್ಮ ಸ್ಟೀಲು ಪಾತ್ರೆ ಮುಚ್ಚಳ ಸೇರಿ 400 ಗ್ರಾಮಿಗೂ ಹೆಚ್ಚು ತೂಗಿತು. ಒಂದೇ ಗಾತ್ರ, ಒಂದೇ ದಪ್ಪವಾದರೆ ಅಲ್ಯುಮಿನಿಯಂ ತೂಕ ಸ್ಟೀಲಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಟೈಟಾನಿಯಂ ಗಟ್ಟಿ ಲೋಹ; ತೀರ ತೆಳ್ಳಗೆ ಮಾಡಬಹುದಾದ್ದರಿಂದ ಪಾತ್ರೆ ಹಗುರ. ಆದರೆ ಅದರಲ್ಲಿ ಶಾಖ ಬೇಗ ಹರಡುವುದಿಲ್ಲ. ಉರಿ ತಾಗಿದ ಕಡೆ ತಳ ಹಿಡಿಯುತ್ತದೆ. ಬರೀ ನೀರು ಕಾಯಿಸಲು ಅದು ಸರಿ, ಉಪ್ಪಿಟ್ಟಿಗಲ್ಲ. ಅಲ್ಯುಮಿನಿಯಂ ಶಾಖವನ್ನು ತಳದ ತುಂಬ ಸಮನಾಗಿ ಹರಡುತ್ತದೆ, ಬೆಲೆಯೂ ಕಡಿಮೆ.

ಒಂದೇ ಒಂದು ಎಚ್ಚರಿಕೆ: ಸಾದಾ ಅಲ್ಯುಮಿನಿಯಂನಲ್ಲಿ ಹುಣಸೆ, ಟೊಮೇಟೊ, ನಿಂಬೆಯಂಥ ಹುಳಿ ಬೇಯಿಸಿ ಇಡಬಾರದು. ಹುಳಿಗೆ ಲೋಹ ಸ್ವಲ್ಪ ಸ್ವಲ್ಪ ಕರಗುತ್ತದೆ. ಸಾರು ಬೇಕೇಬೇಕೆನ್ನುವವರು ಸ್ವಲ್ಪ ಹೆಚ್ಚು ಕೊಟ್ಟು ಹಾರ್ಡ್ ಅನೋಡೈಸ್ಡ್ ಪಾತ್ರೆ ಕೊಳ್ಳಲಿ.

ಕೊಳ್ಳುವಾಗ ಇವಿಷ್ಟನ್ನು ನೋಡಿ:

● ಒಬ್ಬರಿಗೆ ಮುಕ್ಕಾಲರಿಂದ ಒಂದು ಲೀಟರು ಸಾಕು.

● ಎತ್ತರಕ್ಕಿಂತ ತಳದ ಅಗಲ ಮುಖ್ಯ. ಕಿರಿದಾದ ತಳವಾದರೆ ಉರಿ ಪಕ್ಕದಿಂದ ಹಾದು ಗ್ಯಾಸು ದಂಡ.

● ಸರಿಯಾಗಿ ಕೂರುವ ಮುಚ್ಚಳವಿರಲಿ. ನೀರು ಬೇಗ ಕುದಿಯುತ್ತದೆ, ಗ್ಯಾಸು ಉಳಿಯುತ್ತದೆ.

● ಉದ್ದನೆಯ ಹಿಡಿ ಬೇಡ. ಪುಟ್ಟ ಇಕ್ಕಳ ಸಾಕು.

● ಸಣ್ಣ ಗ್ಯಾಸ್ ಡಬ್ಬಿ ಪಾತ್ರೆಯೊಳಗೇ ಕೂತರೆ ಚೀಲದಲ್ಲಿ ಜಾಗ ಉಳಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅಟ್ಟ ನೆನಪಾಯಿತು. ಇವಳು ಕೂಸಾಗಿದ್ದಾಗ ಹಾಲು ಕಾಯಿಸುತ್ತಿದ್ದ ಅಲ್ಯುಮಿನಿಯಂ ಪಾತ್ರೆ ಅಲ್ಲೇ ಇತ್ತು! ಹಿಡಿಯ ತಿರುಪು ಬಿಚ್ಚಿ, ಮುಚ್ಚಳ ಹೊಂದಿಸಿ ತೂಗಿದರೆ 190 ಗ್ರಾಮು. ಖರ್ಚು ಬರೀ ಇಕ್ಕಳದ್ದು.

ಪಾತ್ರೆಯಾಯಿತು, ಬೇಯಿಸುವುದೇನು? ಬೆಟ್ಟ ಹತ್ತಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿದು, 3000 ಮೀಟರಿನಲ್ಲಿ 90 ಡಿಗ್ರಿಗೇ ಕುದಿ. ಅಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಬೇಕು. ಅದಕ್ಕೇ ಸಣ್ಣ ರವೆಯನ್ನು ಘಮ್ಮೆನ್ನುವಂತೆ ಹುರಿದು, ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಯಲ್ಲಿ ಉಪ್ಪು ಸೇರಿಸಿ ಕಲಸಿ, ಆರಿದ ಮೇಲೆ ಪೊಟ್ಟಣ ಕಟ್ಟಿದೆ. ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು. ಎರಡು ನಿಮಿಷ ಕೈಯಾಡಿಸಿ, ಉರಿ ಆರಿಸಿ ಮುಚ್ಚಿಟ್ಟರೆ ಉಪ್ಪಿಟ್ಟು ಸಿದ್ಧ.

ಬಾಗಿಲಲ್ಲಿ ನಿಂತು ಮೂರು ಮಾತು ಹೇಳಿದೆ. ಎಷ್ಟೇ ಚಳಿಯಿರಲಿ, ಮುಚ್ಚಿದ ಡೇರೆಯೊಳಗೆ ಸ್ಟವ್ ಹಚ್ಚಬೇಡ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಂಡುಕೋ. ಕಾಡಿನಲ್ಲಿ ಸೌದೆ ಒಲೆ ಬೇಡವೇ ಬೇಡ.

ಹನ್ನೆರಡು ದಿನ ನನಗೆ ನಿದ್ದೆಯಿಲ್ಲ. ಮಗಳು ಮೂಗು ಸುಟ್ಟುಕೊಂಡು, ನಗುನಗುತ್ತಾ ಬಂದಳು. ಪಾತ್ರೆಯ ಒಂದು ಪಕ್ಕ ನೆಗ್ಗಿತ್ತು. “ತಟ್ಟಿಸಿ ಸರಿಮಾಡಿಸೋಣ್ವೇ?” ಎಂದರೆ, “ಬೇಡಮ್ಮಾ, ಹಾಗೇ ಇರಲಿ” ಎಂದಳು. ಮರುದಿನ ಬೆಳಿಗ್ಗೆ ಅದರಲ್ಲೇ ಉಪ್ಪಿಟ್ಟು ಮಾಡಿ ನನಗೆ ಬಡಿಸಿದಳು. ಉಪ್ಪು ಸ್ವಲ್ಪ ಮುಂದಾಗಿತ್ತು. ನಾನು ಹೇಳಲಿಲ್ಲ.