ಗುಡುಗುಮೋಡದೆದುರು ಎರಡು ಅರೆನೋಟ

ಏಪ್ರಿಲ್-ಮೇ ತಿಂಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೊಲಗಳು ಮಧ್ಯಾಹ್ನದ ಹೊತ್ತಿಗೆ ಕಾದು ಕೆಂಡವಾಗಿರುತ್ತವೆ. ಅರಬ್ಬಿ ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಆ ಕಾವಿಗೆ ಮೇಲೇಳುತ್ತದೆ, ಕಪ್ಪತಗುಡ್ಡದ ಸಾಲು ಅದನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ನೋಡನೋಡುತ್ತಿದ್ದಂತೆ ಅಡ್ಡಮಳೆಯ ಮೋಡ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಗದಗ-ಬೆಟಗೇರಿಯ ಮಾಳಿಗೆ ಮೇಲೆ ನಿಂತವರಿಗೆ ಅದರ ಕಪ್ಪು ಬುಡ ಮಾತ್ರ ಕಂಡೀತು. ಅದರ ನೆತ್ತಿ 15 ಕಿಲೋಮೀಟರ್ ಮುಟ್ಟುವುದೂ ಉಂಟು. ಪೈಲಟ್‌ಗಳ ಬಾಯಲ್ಲಿ ಇದು ‘ಸಿಬಿ’, ಅಂದರೆ ಕ್ಯುಮುಲೋನಿಂಬಸ್. ಎ320 ಜಾತಿಯ ವಿಮಾನ ಏರಬಲ್ಲದ್ದು ಹೆಚ್ಚೆಂದರೆ 39 ಸಾವಿರ ಅಡಿ, ಸುಮಾರು 12 ಕಿಲೋಮೀಟರ್. ಆದ್ದರಿಂದ ಮೇಲಿಂದ ಹಾರಿಹೋಗಬಹುದಲ್ಲ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಒಳಗೆ ಒಂದೆಡೆ ಗಾಳಿ ಭರದಿಂದ ಮೇಲಕ್ಕೆ ನುಗ್ಗುತ್ತಿದ್ದರೆ ಪಕ್ಕದಲ್ಲೇ ಅಷ್ಟೇ ಭರದಿಂದ ಕೆಳಕ್ಕೆ ಬೀಳುತ್ತಿರುತ್ತದೆ, ಜೊತೆಗೆ ಆಲಿಕಲ್ಲು. ಉಳಿದ ದಾರಿ ಸುತ್ತಿಕೊಂಡು ಹೋಗುವುದೊಂದೇ. ಹಾಗಾಗಿ ಪ್ರಯಾಣಿಕರ ಜೀವ ವಿಮಾನದ ಗಟ್ಟಿತನಕ್ಕಿಂತ ಹೆಚ್ಚಾಗಿ, ಮೋಡ ಎಲ್ಲಿದೆ ಎಂಬುದು ಯಾರಿಗೆ ಎಷ್ಟು ಬೇಗ ತಿಳಿಯಿತು ಎಂಬುದನ್ನೇ ನೆಚ್ಚಿಕೊಂಡಿದೆ. ಆ ತಿಳಿವಳಿಕೆ ಯಾರೊಬ್ಬರ ಬಳಿಯೂ ಇಡಿಯಾಗಿ ಇರುವುದಿಲ್ಲ.

ಸಿಡಿಲಿನ ವಿಷಯವನ್ನು ಬೇಗ ಮುಗಿಸಿಬಿಡೋಣ. ಜನರಿಗೆ ಹೆಚ್ಚು ಹೆದರಿಕೆ ಅದರದ್ದೇ, ಆದರೆ ಹಾರುವ ವಿಮಾನಕ್ಕೆ ಅದು ದೊಡ್ಡ ಶತ್ರುವಲ್ಲ. ಸಾಮಾನ್ಯ ಪ್ರಯಾಣಿಕ ವಿಮಾನಕ್ಕೆ ಸರಾಸರಿ ವರ್ಷಕ್ಕೊಮ್ಮೆ ಸಿಡಿಲು ಬಡಿಯುತ್ತದೆ. ವಿದ್ಯುತ್ತು ಅಲ್ಯೂಮಿನಿಯಂ ಮೈಮೇಲೆ ಹರಿದು ಬಾಲದ ಕಡೆಯಿಂದಲೋ ರೆಕ್ಕೆಯ ತುದಿಯಿಂದಲೋ ಹೊರಟುಹೋಗುತ್ತದೆ. ಅಪಾಯ ಇರುವುದು ಗಾಳಿಯಲ್ಲಿ, ಆಲಿಕಲ್ಲಿನಲ್ಲಿ, ಇಳಿಯುವ ಹೊತ್ತಿನ ಜಡಿಮಳೆಯಲ್ಲಿ.

ಪೈಲಟ್‌ಗೆ ಕಾಣುವುದೇನು? ವಿಮಾನದ ಮೂತಿಯೊಳಗೆ ಮೂರು ಸೆಂಟಿಮೀಟರ್ ತರಂಗದ ಪುಟ್ಟ ರೇಡಾರ್ ಇರುತ್ತದೆ. ಮಳೆಹನಿಗೆ ತಾಗಿ ಮರಳಿದ ಅಲೆಯನ್ನು ಅದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಕಂಡರೆ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರವಿರಬೇಕೆಂಬುದು ವೈಮಾನಿಕರ ಪಾಠ. ಈ ಅಂತರವನ್ನು ನಮ್ಮ ನೆಲದ ಮೇಲಿಟ್ಟು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಗದಗದಿಂದ ಮುಂಡರಗಿಗೆ ನೇರ ದೂರ ಹೆಚ್ಚುಕಡಿಮೆ ಅಷ್ಟೇ, ಲಕ್ಷ್ಮೇಶ್ವರಕ್ಕೂ ಅಷ್ಟೇ. ಮೋಡ ಮುಂಡರಗಿಯ ಮೇಲಿದ್ದರೆ ವಿಮಾನ ಗದಗದ ಮೇಲೆ ಇರಬೇಕು. ಇನ್ನು ಲಕ್ಷ್ಮೇಶ್ವರದ ಮೇಲೊಂದು, ಮುಂಡರಗಿಯ ಮೇಲೊಂದು ಮೋಡ ಎದ್ದಿವೆ, ನಡುವೆ ಶಿರಹಟ್ಟಿಯ ಆಕಾಶ ತೆರವಾಗಿ ಕಾಣುತ್ತಿದೆ ಎನ್ನಿ. ಎರಡೂ ಊರುಗಳ ನಡುವೆ ಇರುವುದೇ 45 ಕಿಲೋಮೀಟರ್. ಆ ಸಂದಿಯಲ್ಲಿ ಎಲ್ಲಿ ನುಸುಳಿದರೂ ಎರಡರಲ್ಲಿ ಒಂದು ಮೋಡ ಹತ್ತಿರವಾಗಿಯೇ ತೀರುತ್ತದೆ. ಮೇಲಾಗಿ, ದಾಟಲು ಬೇಕಾದ ಆ ಮೂರು ನಿಮಿಷಗಳಲ್ಲಿ ಶಿರಹಟ್ಟಿಯ ಮೇಲೂ ಹೊಸ ಮೋಡ ಸಾವಿರಾರು ಅಡಿ ಬೆಳೆದಿರಬಹುದು.

ರೇಡಾರ್ ಇದ್ದ ಮೇಲೆ ಪೈಲಟ್‌ಗೆ ಬೇರೆಯವರ ಹಂಗೇಕೆ ಎನ್ನಬಹುದು. ಈ ಆಕ್ಷೇಪಕ್ಕೆ 1977ರ ಏಪ್ರಿಲ್ 4ರ ದುರಂತ ಉತ್ತರ ಕೊಟ್ಟಿದೆ. ಅಮೆರಿಕದ ಜಾರ್ಜಿಯಾದಲ್ಲಿ ಸದರ್ನ್ ಏರ್‌ವೇಸ್‌ನ ಡಿಸಿ-9 ವಿಮಾನದ ಪೈಲಟ್‌ಗಳು ಪರದೆಯ ಮೇಲೆ ತೆರವಿನಂತೆ ಕಂಡ ಜಾಗದತ್ತ ಹೊರಟರು. ಎದುರಿನ ಮಳೆ ಎಷ್ಟು ದಟ್ಟವಾಗಿತ್ತೆಂದರೆ ರೇಡಾರ್ ಅಲೆಗಳನ್ನೇ ಅದು ನುಂಗಿತ್ತು, ಹಿಂದಿನದೇನೂ ಕಂಡಿರಲಿಲ್ಲ. ನೀರು, ಆಲಿಕಲ್ಲು ಕುಡಿದು ಎರಡೂ ಎಂಜಿನ್‌ಗಳು ನಿಂತವು. ಗೋವಾ ಕಡೆಯಿಂದ ಪೂರ್ವಕ್ಕೆ ಹಾರುವ ವಿಮಾನಕ್ಕೂ ಇದೇ ಗತಿ ಒದಗಬಹುದು: ಲಕ್ಷ್ಮೇಶ್ವರದ ಮಳೆ ದಟ್ಟವಾಗಿದ್ದಷ್ಟೂ ಅದರ ಬೆನ್ನಿಗಿರುವ ಮುಂಡರಗಿಯ ಮೋಡ ಪರದೆಯಿಂದ ಮರೆಯಾಗುತ್ತದೆ. ಒಣ ಆಲಿಕಲ್ಲಂತೂ ಮಳೆಹನಿಯಷ್ಟು ಚೆನ್ನಾಗಿ ಅಲೆಯನ್ನು ಮರಳಿಸುವುದೇ ಇಲ್ಲ.

ಇನ್ನರ್ಧ ನೋಟ ನೆಲದ ಮೇಲೆ ಕೂತ ನಿಯಂತ್ರಕರದ್ದು. ಅವರ ಪರದೆ ವಿಮಾನಗಳನ್ನು ಎಣಿಸುವುದಕ್ಕೆ ಹೇಳಿಮಾಡಿಸಿದ್ದು. ನೆಲದಿಂದ ಹೋದ ಪ್ರಶ್ನೆಗೆ ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಉತ್ತರಿಸುತ್ತದೆ, ಆ ಉತ್ತರವೇ ಚುಕ್ಕೆಯಾಗಿ ಮೂಡುತ್ತದೆ. ಮೋಡಕ್ಕೆ ಟ್ರಾನ್ಸ್‌ಪಾಂಡರ್ ಇಲ್ಲ. ‘ಹವಾಮಾನದ ಕಾರಣ 20 ಮೈಲಿ ಎಡಕ್ಕೆ ಬಿಡಿ’ ಎಂದು ಪೈಲಟ್ ಕೇಳಿದಾಗ ನಿಯಂತ್ರಕರು ನೋಡಬೇಕಾದದ್ದು ಎಡಕ್ಕೆ ಬೇರೆ ವಿಮಾನ ಇದೆಯೇ, ಸೇನೆಗೆ ಮೀಸಲಾದ ಆಕಾಶ ಇದೆಯೇ ಎಂದು. ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಅಡ್ಡಕ್ಕೆ 5 ನಾಟಿಕಲ್ ಮೈಲಿ ಇರಬೇಕು, ಇಲ್ಲವೇ ಎತ್ತರದಲ್ಲಿ 1000 ಅಡಿ. ಮೋಡ ಎದ್ದ ದಿನ ಎಲ್ಲರೂ ಕೇಳುವುದು ಒಂದೇ ಸಂದಿಯನ್ನು. ಆಗ ಒಬ್ಬರನ್ನು ಮೊದಲು ಬಿಟ್ಟು ಇನ್ನೊಬ್ಬರನ್ನು ಸುತ್ತು ಹಾಕಿಸುವ ಕೆಲಸ ಮೋಡ ಕಾಣದವರ ಮೇಲೆ ಬೀಳುತ್ತದೆ. ರೇಡಿಯೋದಲ್ಲಿ ಹಾದುಹೋಗುವ ಆ ನಾಲ್ಕಾರು ಮಾತುಗಳಲ್ಲೇ ಎರಡೂ ನೋಟ ಕೂಡಬೇಕು.

ಕೂಡದಿದ್ದರೆ ಏನಾಗುತ್ತದೆಂಬುದು 2025ರ ಮೇ 21ರಂದು ತಿಳಿಯಿತು. ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನ ಪಠಾಣ್‌ಕೋಟ್ ಬಳಿ 36 ಸಾವಿರ ಅಡಿ ಎತ್ತರದಲ್ಲಿ ಗುಡುಗುಮೋಡಕ್ಕೆ ಎದುರಾಯಿತು. ಗಡಿಯತ್ತ ಎಡಕ್ಕೆ ಸರಿಯಲು ನಮ್ಮ ವಾಯುಪಡೆಯ ನಿಯಂತ್ರಣ ಕೇಂದ್ರ ಒಪ್ಪಲಿಲ್ಲ, ಲಾಹೋರ್ ಕೂಡ ಒಪ್ಪಲಿಲ್ಲ. ಹಿಂದಿರುಗುವಷ್ಟು ದೂರವೂ ಉಳಿದಿರಲಿಲ್ಲ. ಮೋಡದೊಳಗೆ ಹೊಕ್ಕ ವಿಮಾನ ಒಂದು ಹಂತದಲ್ಲಿ ನಿಮಿಷಕ್ಕೆ 8500 ಅಡಿಯಂತೆ ಕುಸಿಯಿತು. ಆಲಿಕಲ್ಲಿಗೆ ಮೂತಿ ಜಜ್ಜಿಹೋಯಿತು. ಪೈಲಟ್‌ಗಳು ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿದರು, ಅವರ ಕೌಶಲ ದೊಡ್ಡದು. ಆದರೆ ಅಲ್ಲಿ ಮೋಡ ಕಂಡವರಿಗೆ ದಾರಿ ಇರಲಿಲ್ಲ, ದಾರಿ ಕೊಡಬಲ್ಲವರು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅಂಥ ಸ್ಥಿತಿಗೆ ಬರುವ ಮೊದಲೇ, ನೂರಾರು ಕಿಲೋಮೀಟರ್ ಹಿಂದೆಯೇ ದಾರಿ ಬದಲಾಗಬೇಕು. ಅದಕ್ಕೆ ಮೂರನೆಯ ಕಣ್ಣೊಂದು ಬೇಕು: ನೆಲದ ಮೇಲಿನ ಹವಾಮಾನ ರೇಡಾರ್.

ಗೋವಾದ ಪಣಜಿಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇದೆಯಲ್ಲ, ಉಪಗ್ರಹವೂ ಇದೆಯಲ್ಲ, ಸಾಲದೇ? ಉಪಗ್ರಹಕ್ಕೆ ಕಾಣುವುದು ಮುಖ್ಯವಾಗಿ ಮೋಡದ ನೆತ್ತಿ. ಪಣಜಿಯಿಂದ ಗದಗಕ್ಕೆ ನೇರ ದೂರ ಸುಮಾರು 190 ಕಿಲೋಮೀಟರ್, ನಡುವೆ ಸಹ್ಯಾದ್ರಿಯ ಅಡ್ಡಗೋಡೆ. ಅರ್ಧ ಡಿಗ್ರಿ ಕೋನದಲ್ಲಿ ಬಿಟ್ಟ ಅಲೆಯೂ ಭೂಮಿ ದುಂಡಗಿರುವುದರಿಂದ ಗದಗ ಮುಟ್ಟುವಷ್ಟರಲ್ಲಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 4 ಕಿಲೋಮೀಟರ್ ಮೇಲೇರಿರುತ್ತದೆ. ನಮ್ಮ ನೆಲದಿಂದ ಲೆಕ್ಕ ಹಾಕಿದರೆ ಕೆಳಗಿನ 3 ಕಿಲೋಮೀಟರ್‌ನಲ್ಲಿ ನಡೆಯುವುದೇನೂ ಅದಕ್ಕೆ ಗೊತ್ತಾಗದು. ಹುಬ್ಬಳ್ಳಿ ನಿಲ್ದಾಣದ ಮೇಲೂ ಕೆಳಗಿನ ಒಂದೂವರೆ ಕಿಲೋಮೀಟರ್ ಕಾಣದು. ಇಳಿಯುವ ವಿಮಾನದ ಕೊನೆಯ, ಅತಿ ನಾಜೂಕಿನ ನಿಮಿಷಗಳು ಕಳೆಯುವುದು ಆ ಎತ್ತರದಲ್ಲೇ. ಮೋಡದಿಂದ ಗಾಳಿ ದಡಕ್ಕನೆ ನೆಲಕ್ಕೆ ಸುರಿದು ಸುತ್ತ ಚದುರುವ ಮೈಕ್ರೋಬರ್ಸ್ಟ್ ನಡೆಯುವುದೂ ಅಲ್ಲೇ. ಷಿಕಾಗೋ ವಿಶ್ವವಿದ್ಯಾಲಯದ ಟೆಟ್ಸುಯ ಫುಜಿಟ 1975ರ ನ್ಯೂಯಾರ್ಕ್ ಅಪಘಾತವನ್ನು ಬಗೆದು ಇದನ್ನು ಗುರುತಿಸಿದ್ದರು. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ 137 ಜನ ಸತ್ತ ಬಳಿಕ ಅಮೆರಿಕ ತನ್ನ ಹತ್ತಾರು ನಿಲ್ದಾಣಗಳ ಬಳಿ ಇದಕ್ಕೆಂದೇ ಡಾಪ್ಲರ್ ರೇಡಾರ್‌ಗಳನ್ನು ನಿಲ್ಲಿಸಿತು. ನಮ್ಮ ಹುಬ್ಬಳ್ಳಿಯಲ್ಲಿ 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನ ಮಳೆಯಲ್ಲಿ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿದು ಕುಸಿಯಿತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಅಲ್ಲಿ ಕೈಕೊಟ್ಟದ್ದು ಕಣ್ಣೋಟ, ಮೈಕ್ರೋಬರ್ಸ್ಟ್ ಅಲ್ಲ. ಆದರೂ ಇಂಥ ಮಳೆ ರನ್‌ವೇ ತಲುಪಲು ಎಷ್ಟು ಹೊತ್ತಿದೆ ಎಂಬುದು ಮೊದಲೇ ತಿಳಿದರೆ, ಆಕಾಶದಲ್ಲಿ ಕಾಯುವುದೋ ಬೇರೆ ಊರಿಗೆ ತಿರುಗುವುದೋ ಎಂಬ ನಿರ್ಧಾರ ಹಗುರವಾಗುತ್ತದೆ.

ಅದಕ್ಕೇ ಗದಗದಲ್ಲೇ ಒಂದು ಹವಾಮಾನ ರೇಡಾರ್ ಬೇಕು ಎನ್ನುವುದು. ದಿನಕ್ಕೆ ಬೆರಳೆಣಿಕೆಯ ವಿಮಾನ ಇಳಿಯುವ ಕಡೆಗೆ ಅಷ್ಟು ದುಡ್ಡು ಸುರಿಯಬೇಕೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ವಿಮಾನಕ್ಕಾಗಿ ಮಾತ್ರ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ವಿಮಾನವನ್ನು ಹೆಚ್ಚು ಕಾಡದ ಸಿಡಿಲು ಮುಂಡರಗಿಯ ಬಯಲಿನಲ್ಲಿ ಕುರಿಗಾಹಿಗಳನ್ನೂ ಮರದಡಿ ನಿಂತ ಕೂಲಿಯವರನ್ನೂ ಕೊಲ್ಲುತ್ತದೆ, ಆಲಿಕಲ್ಲು ಕಟಾವಿಗೆ ಬಂದ ಬೆಳೆಯನ್ನು ಒಂದೇ ಗಳಿಗೆಯಲ್ಲಿ ಮಲಗಿಸುತ್ತದೆ. ಅರ್ಧ ತಾಸು ಮೊದಲು ಎಚ್ಚರಿಸಬಲ್ಲ ಯಂತ್ರ ಪೈಲಟ್‌ಗೂ ಕುರಿಗಾಹಿಗೂ ಒಂದೇ. ಇದು ಕಂಡರಿಯದ ಬೇಡಿಕೆಯೂ ಅಲ್ಲ. 2017ರಲ್ಲಿ ರಾಜ್ಯ ಸರ್ಕಾರ ‘ವರ್ಷಧಾರಿ’ ಮೋಡಬಿತ್ತನೆ ನಡೆಸಿದಾಗ ಬೆಂಗಳೂರು, ಸುರಪುರಗಳ ಜೊತೆಗೆ ಗದಗದಲ್ಲೂ ತಾತ್ಕಾಲಿಕವಾಗಿ ರೇಡಾರ್ ನಿಲ್ಲಿಸಿ, ಯಾವ ಮೋಡದತ್ತ ಹೋಗಬೇಕೆಂದು ವಿಮಾನಗಳಿಗೆ ತೋರಿಸಲಾಗುತ್ತಿತ್ತು. ಯಾವ ಮೋಡದತ್ತ ಹೋಗಬಾರದೆಂದು ತೋರಿಸಲು ಬೇಕಾದದ್ದೂ ಅದೇ ಯಂತ್ರ. ಗದಗದಿಂದ ಹುಬ್ಬಳ್ಳಿ ನಿಲ್ದಾಣ ಸುಮಾರು 60 ಕಿಲೋಮೀಟರ್. ಅಷ್ಟು ಸಮೀಪದಿಂದ ಬಿಟ್ಟ ಅಲೆ ರನ್‌ವೇ ಮೇಲೆ ಹಾಯುವುದು ಬರೀ 700 ಮೀಟರ್ ಎತ್ತರದಲ್ಲಿ; ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಮೇಲೆ ಅದಕ್ಕಿಂತಲೂ ಕೆಳಗೆ.