ಮೋಡದೊಳಗಣ ದಾರಿ

ನಮ್ಮ ಒಂಟಿಕೊಪ್ಪಲಿನ ಹೆಸರು ನಾಡಿಗೆ ಪರಿಚಿತವಾಗಲು ಹಲವು ಕಾರಣಗಳುಂಟು. ಅವುಗಳಲ್ಲಿ ಎರಡನ್ನು ಇಲ್ಲಿ ನೆನೆಯುತ್ತೇವೆ. ಒಂದು, ಇಲ್ಲಿಯ ಪಂಚಾಂಗ. ಮತ್ತೊಂದು, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿಯೇ ಆರಂಭಿಸಿದ ರೇಡಿಯೋ ನಿಲಯ. ‘ಆಕಾಶವಾಣಿ’ಯೆಂದು ಆ ನಿಲಯಕ್ಕೆ ಇಟ್ಟ ಹೆಸರೇ ಮುಂದೆ ದೇಶದ ರೇಡಿಯೋಗೆಲ್ಲ ಹೆಸರಾಯಿತು. ಮನಸ್ಸಿನ ವ್ಯಾಪಾರವನ್ನು ಬೋಧಿಸುತ್ತಿದ್ದವರು ರೇಡಿಯೋದ ಹುಚ್ಚು ಹಚ್ಚಿಕೊಂಡದ್ದು ಆಕಸ್ಮಿಕವಿರಬಹುದು. ಆದರೆ ಈ ಎರಡು ವಿದ್ಯೆಗಳೂ ಒಟ್ಟಾಗಿ ಬೇಕಾಗುವ ಕೆಲಸವೊಂದುಂಟು: ಹೊರಗೆ ಏನೂ ಕಾಣದಿರುವಾಗ, ಉಪಕರಣಗಳನ್ನು ಮಾತ್ರ ನೋಡಿ ವಿಮಾನ ನಡೆಸುವುದು. ಇಂದು ಆ ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ತಮ್ಮ ಮಗನೋ ಮಗಳೋ ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹಟಹಿಡಿದಿರುವ ಗೃಹಸ್ಥರು ಈಗ ಅಪರೂಪವಲ್ಲ.

ಹಣ ಸಂಪಾದನೆಗಲ್ಲದೆ ಸ್ವಂತ ಸಂತೋಷಕ್ಕಾಗಿ ಹಾರುವವರಿಗೆ ಖಾಸಗಿ ಪೈಲೆಟ್ಟಿನ ಲೈಸೆನ್ಸು ಎಂಬುದೊಂದುಂಟು. ನಮ್ಮ ದೇಶದಲ್ಲಿ 17 ವರ್ಷ ತುಂಬಿದವರು ವೈದ್ಯ ಪರೀಕ್ಷೆಯಲ್ಲಿಯೂ ಪಾಠದ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ, 40 ಗಂಟೆಗಳಷ್ಟು ಹಾರಾಟವನ್ನು ಪೂರೈಸಿ, ಅದರಲ್ಲಿ 20 ಗಂಟೆಗಳನ್ನು ಒಬ್ಬರೇ ಹಾರಿ, ಇದನ್ನು ಪಡೆಯಬಹುದು. ಆದರೆ ಈ ಲೈಸೆನ್ಸಿನ ಬಲದಿಂದ ಮೋಡವನ್ನು ಹೊಗುವಂತಿಲ್ಲ. ಕಣ್ಣಳತೆಯಲ್ಲಿ ಹಾರುವವನಿಗೆ ಸಾಮಾನ್ಯವಾಗಿ 5 ಕಿಲೋಮೀಟರು ದೂರ ಸ್ಪಷ್ಟವಾಗಿ ಕಾಣುತ್ತಿರಬೇಕು. ಅವನು ಮೋಡದಿಂದ ಪಕ್ಕಕ್ಕೆ ಒಂದೂವರೆ ಕಿಲೋಮೀಟರು, ಮೇಲಕ್ಕಾಗಲಿ ಕೆಳಕ್ಕಾಗಲಿ 1,000 ಅಡಿ ದೂರವಿರಬೇಕು. ಸೂರ್ಯಾಸ್ತವಾಗಿ 20 ನಿಮಿಷ ಕಳೆದ ಮೇಲೆ, ಮರುದಿನ ಸೂರ್ಯೋದಯಕ್ಕೆ 20 ನಿಮಿಷ ಉಳಿದಿರುವವರೆಗೆ, ಹೀಗೆ ಹಾರುವುದಕ್ಕೆ ಸಾಮಾನ್ಯವಾಗಿ ಅಪ್ಪಣೆಯಿಲ್ಲ. ಉದಯಾಸ್ತಗಳ ಕಾಲವನ್ನು ನಿಮಿಷ ಬಿಡದೆ ನೋಡುವವರು ಪುರೋಹಿತರು ಮಾತ್ರವೇ ಎಂದು ತಿಳಿಯಬೇಡಿರಿ!

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ? ಕಾರಣವು ವಿಮಾನದಲ್ಲಿಲ್ಲ, ನಮ್ಮ ಕಿವಿಯಲ್ಲಿದೆ. ಮಕ್ಕಳು ಕೈಕೈ ಹಿಡಿದು ಅಪ್ಪಾಲೆ ತಿಪ್ಪಾಲೆಯಾಡಿ ಥಟ್ಟನೆ ನಿಂತಾಗ ನೆಲವೇ ತಿರುಗುತ್ತಿರುವಂತೆ ತೂರಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಿವಿಯ ಒಳಭಾಗದಲ್ಲಿ ಅರ್ಧವರ್ತುಲಾಕಾರದ ಮೂರು ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವ ಹಿಂದುಳಿದು, ಒಳಗಿನ ಸೂಕ್ಷ್ಮ ಕೂದಲುಗಳನ್ನು ಬಾಗಿಸಿ, ತಿರುಗುತ್ತಿದ್ದೇವೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಆದರೆ ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡು ತಿರುಗುತ್ತಿದ್ದರೆ ದ್ರವವೂ ನಾಳದೊಡನೆ ಸಮನಾಗಿ ಹರಿಯತೊಡಗುತ್ತದೆ. ಆಗ ತಿರುಗುತ್ತಿರುವವನಿಗೆ ತಾನು ನೆಟ್ಟಗೆ ಹೋಗುತ್ತಿರುವಂತೆ ಭಾಸವಾಗುವುದು. ತಿರುಗುವುದನ್ನು ನಿಲ್ಲಿಸಿದೊಡನೆ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗುವುದು. ಅಂಗಳದಲ್ಲಿ ಇದು ನಗೆಯ ವಿಷಯ. ಮೋಡದೊಳಗೆ, ಬಲಕ್ಕೆ ವಾಲಿದ್ದ ವಿಮಾನವನ್ನು ನೆಟ್ಟಗೆ ಮಾಡಿದ ಪೈಲೆಟ್ಟು, ತಾನು ಎಡಕ್ಕೆ ವಾಲಿದೆನೆಂದು ನಂಬಿ ಅದನ್ನು ಮತ್ತೆ ಬಲಕ್ಕೆ ವಾಲಿಸುತ್ತಾನೆ. ವಿಮಾನ ಸುರುಳಿ ಸುತ್ತುತ್ತ ಕೆಳಗಿಳಿಯುತ್ತದೆ. ಇಳಿಯುತ್ತಿದೆಯೆಂದು ಅವನು ಹಿಡಿಯನ್ನು ಹಿಂದಕ್ಕೆಳೆದಷ್ಟೂ ಸುರುಳಿ ಬಿಗಿಯಾಗುತ್ತದೆ.

ಇದು ಅನನುಭವಿಗಳ ದೌರ್ಬಲ್ಯವೆಂದು ಬಹುಕಾಲ ಎಣಿಸಲಾಗಿತ್ತು. ಅಮೆರಿಕದ ಸೈನ್ಯದಲ್ಲಿ ಹಳೆಯ ಪೈಲೆಟ್ಟಾಗಿದ್ದ ವಿಲಿಯಂ ಆಕರ್ ಎಂಬಾತನನ್ನು 1926ರಲ್ಲಿ ವೈದ್ಯನೊಬ್ಬನು ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿಸಿ, ಯಾವ ಕಡೆಗೆ ತಿರುಗುತ್ತಿರುವೆಯೆಂದು ಕೇಳಿದನು. ಆಕರನ ಉತ್ತರ ತಪ್ಪಾಯಿತು. ಅವನು ಸುಮ್ಮನಾಗಲಿಲ್ಲ, ಮರಳಿ ಬರುವಾಗ ತಿರುವುಮಾಪಕವನ್ನು ಒಳಗಿಟ್ಟ ಪೆಟ್ಟಿಗೆಯೊಂದನ್ನು ತಂದು, ಅದರೊಳಗೆ ಇಣಿಕಿ ನೋಡುತ್ತ ಪ್ರತಿಸಲವೂ ಸರಿಯಾಗಿ ಹೇಳಿದನು. ದೇಹ ಹೇಳುವುದೇ ಬೇರೆ, ಮುಳ್ಳು ಹೇಳುವುದೇ ಬೇರೆ. ನಂಬತಕ್ಕದ್ದು ಮುಳ್ಳನ್ನು ಎಂಬ ಪಾಠ ಆ ಕುರ್ಚಿಯಿಂದ ಬಂದಿತು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಈ ವಿದ್ಯೆಯನ್ನರಿಯದ 20 ಮಂದಿ ವಿದ್ಯಾರ್ಥಿಗಳಿಗೆ ಹೊರಗಿನದೇನೂ ಕಾಣದಂತೆ ಮಾಡಿ ವಿಮಾನವನ್ನು ಅವರ ಕೈಗೆ ಕೊಟ್ಟರು, ಪಕ್ಕದಲ್ಲಿ ಶಿಕ್ಷಕನಿದ್ದನು. ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ತಗುಲಿದ ಕಾಲ ಸರಾಸರಿ 178 ಸೆಕೆಂಡು. ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಪೈಲೆಟ್ಟಿನ ಎದುರಿಗಿರುವ ಹಲಗೆಯಲ್ಲಿ ಮುಖ್ಯವಾದ ಉಪಕರಣಗಳು ಆರು: ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತ ಇವುಗಳನ್ನು ತೋರಿಸುವ ಐದು, ನಡುವೆ ಕೃತಕ ದಿಗಂತ. ಈ ಕೃತಕ ದಿಗಂತವೇ ಮೋಡದೊಳಗೆ ಪ್ರಾಣಮಿತ್ರ. ಇದರ ತತ್ತ್ವವನ್ನು ನಮ್ಮ ಬೀದಿಯ ಹುಡುಗರೆಲ್ಲರೂ ಬಲ್ಲರು. ರಭಸದಿಂದ ತಿರುಗುವ ಬುಗುರಿ ತಾನು ನಿಂತ ನಿಲುವನ್ನು ಸುಲಭವಾಗಿ ಬಿಡುವುದಿಲ್ಲ. ಅಂಥದೊಂದು ಬುಗುರಿಯನ್ನು ಎಲ್ಲ ಕಡೆಗೂ ಹೊರಳಬಲ್ಲ ಚೌಕಟ್ಟಿನಲ್ಲಿರಿಸಿದರೆ, ವಿಮಾನ ಹೇಗೆ ವಾಲಿದರೂ ಅದು ವಾಲದೆ ನಿಜವಾದ ದಿಗಂತವನ್ನು ತೋರಿಸುತ್ತಿರುತ್ತದೆ. ಈಗಿನ ಹೊಸ ವಿಮಾನಗಳಲ್ಲಿ ಬುಗುರಿಯ ಬದಲು ವಿದ್ಯುತ್ ಸಂವೇದಕಗಳೂ ಗಾಜಿನ ಪರದೆಯೂ ಬಂದಿವೆ, ತೋರಿಸುವುದು ಅದನ್ನೇ. ಸ್ಪೆರಿಯವರ ಕಾರ್ಖಾನೆಯ ಇಂಥ ಬುಗುರಿಗಳನ್ನೂ ರೇಡಿಯೋವನ್ನೂ ಅವಲಂಬಿಸಿ, 1929ನೆಯ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟ್ಲ್ ಎಂಬಾತನು ಮುಸುಕು ಮುಚ್ಚಿದ ಆಸನದಲ್ಲಿ ಕುಳಿತು, ಹೊರಗಿನದೊಂದನ್ನೂ ಕಾಣದೆ ಮೇಲೇರಿ, ಸುತ್ತಿ, ಅದೇ ಬಯಲಿಗೆ ಇಳಿದನು. ಹಾರಾಟ ಕೇವಲ 15 ನಿಮಿಷದ್ದು.

ಹಾಗೆಂದು ಯಂತ್ರಕ್ಕೆ ಕುರುಡಾಗಿ ಶರಣಾಗುವುದೂ ಸಲ್ಲದು. 1978ನೆಯ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬಾಯಿಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ವೆಂಬ ಬೃಹದ್ವಿಮಾನವು ಸಮುದ್ರದ ಮೇಲೆ ಬಲಕ್ಕೆ ತಿರುಗಿ ನೆಟ್ಟಗಾಯಿತು. ಆದರೆ ಕ್ಯಾಪ್ಟನ್ನನ ಎದುರಿನ ಕೃತಕ ದಿಗಂತ ಕೆಟ್ಟು, ಇನ್ನೂ ಬಲಕ್ಕೆ ವಾಲಿರುವಂತೆಯೇ ತೋರಿಸುತ್ತಿತ್ತು. ಹೊರಗೆ ಕತ್ತಲೆ, ಕೆಳಗೆ ಕಡಲು. ಅದನ್ನು ಸರಿಪಡಿಸಲೆಂದು ಆತ ಎಡಕ್ಕೆ ವಾಲಿಸುತ್ತ ಹೋದನು. ಪರಾಂಬರಿಸಿ ನೋಡಲು ಪಕ್ಕದಲ್ಲಿ ಬೇರೆ ಉಪಕರಣಗಳಿದ್ದರೂ ಕಾಲ ಮೀರಿತ್ತು. ಮೇಲೇರಿದ ಎರಡು ನಿಮಿಷದೊಳಗೆ ವಿಮಾನ ಕಡಲಿಗೆ ಬಿದ್ದು 213 ಮಂದಿ ಮಡಿದರು. ಆದ್ದರಿಂದಲೇ ಈ ವಿದ್ಯೆಯ ಗುರುಗಳು ಯಾವ ಮುಳ್ಳಿನ ಮೇಲೂ ಕಣ್ಣು ನೆಡಗೊಡುವುದಿಲ್ಲ. ದೃಷ್ಟಿ ದಿಗಂತದಿಂದ ವೇಗಕ್ಕೆ, ಮರಳಿ ದಿಗಂತಕ್ಕೆ, ಅಲ್ಲಿಂದ ಎತ್ತರಕ್ಕೆ ಹೀಗೆ ಸುತ್ತುತ್ತಲೇ ಇರಬೇಕು. ಒಂದರ ಸಾಕ್ಷ್ಯವನ್ನು ಉಳಿದವುಗಳಿಂದ ಒರೆಹಚ್ಚಬೇಕು.

ಉಪಕರಣಗಳು ವಿಮಾನವನ್ನು ನೆಟ್ಟಗಿರಿಸಬಲ್ಲವು. ಎಲ್ಲಿದ್ದೇವೆಂದು ತಿಳಿಯುವುದು ಹೇಗೆ? 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾರವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದಾಗ, ಆ ಪುಟ್ಟ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನದಿ, ಬೆಟ್ಟ, ರೈಲುಹಳಿಗಳೇ ದಾರಿಯ ಕಂಬಗಳು. ಮುಂದೆ ರೇಡಿಯೋ ನಿಲಯದ ಕಡೆಗೆ ತಾನೇ ತಿರುಗುವ ಮುಳ್ಳು ಬಂದಿತು. ಹಾಡು, ಹರಿಕಥೆ ಪ್ರಸಾರ ಮಾಡುವ ಮಧ್ಯಮ ತರಂಗದ ನಿಲಯವಾದರೂ ಸರಿಯೇ, ಆ ಮುಳ್ಳಿಗೆ ಭೇದವಿಲ್ಲ. ಈಗ ಉಪಗ್ರಹಗಳು ದಾರಿ ಹೇಳುತ್ತವೆ. ಅವುಗಳ ಲೆಕ್ಕವನ್ನು ಇನ್ನಷ್ಟು ನಿಖರಗೊಳಿಸುವ ನಮ್ಮ ದೇಶದ ‘ಗಗನ್’ ವ್ಯವಸ್ಥೆಯ ಮುಖ್ಯ ಕೇಂದ್ರವು ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ.

ನಿತ್ಯಜೀವನದಲ್ಲಿ ಖಾಸಗಿ ಪೈಲೆಟ್ಟಿನ ದಿನಚರಿ ಸಾಹಸಿಯ ದಿನಚರಿಯಂತೆ ತೋರುವುದಿಲ್ಲ; ಎಚ್ಚರವುಳ್ಳ ಗೃಹಿಣಿಯ ದಿನಚರಿಯಂತೆ ತೋರುತ್ತದೆ. ಬೆಳಗಿನ ಗಾಳಿ ಶಾಂತವಾಗಿರುವುದರಿಂದ ಬೇಗ ಏಳಬೇಕು. ಬಿಸಿಲೇರಿದರೆ ಕಾದ ನೆಲದಿಂದೇಳುವ ಗಾಳಿ ಚಿಕ್ಕ ವಿಮಾನವನ್ನು ಎತ್ತಿನ ಗಾಡಿಯಂತೆ ಕುಲುಕಿಸುತ್ತದೆ. ಮೊದಲು ಹವೆಯ ವರದಿ. ಆಮೇಲೆ ಪೆಟ್ರೋಲು ಎಷ್ಟಿದೆಯೆಂದು ಕಡ್ಡಿಯದ್ದಿ ನೋಡುವುದು. ತೊಟ್ಟಿಯ ತಳದಿಂದ ಒಂದಿಷ್ಟನ್ನು ಗಾಜಿನ ಬಟ್ಟಲಿಗೆ ಬಸಿದು, ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಬಾಯಿಪಾಠ ಬಂದಿದ್ದರೂ ಪಟ್ಟಿಯನ್ನು ಓದಿಯೇ ಒಂದೊಂದನ್ನೂ ಮುಟ್ಟಿ ಪರೀಕ್ಷಿಸುವುದು. ಎತ್ತರಮಾಪಕವು ವಾಸ್ತವವಾಗಿ ವಾಯುಭಾರಮಾಪಕವೇ ಆದುದರಿಂದ, ಆ ಹೊತ್ತಿನ ವಾಯುಭಾರಕ್ಕೆ ಅದನ್ನು ಹೊಂದಿಸಬೇಕು. ಒಂದು ಮಿಲಿಬಾರು ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ, ಚಾಮುಂಡಿ ಬೆಟ್ಟ ಸುಮಾರು 3,500 ಅಡಿ. ಬೆಟ್ಟವನ್ನು ಮೋಡ ಕವಿದಿರುವಾಗ ಈ ಲೆಕ್ಕ ವಿನೋದದ್ದಲ್ಲ.

ಊರಿನ ತೆಂಕಣ ಮಂಡಕಳ್ಳಿಯ ವಿಮಾನ ನಿಲ್ದಾಣವು 1940ರ ದಶಕದಲ್ಲಿ ರಾಜಮನೆತನದವರಿಂದ ಆದದ್ದು. ಬಹುಕಾಲ ಸದ್ದಿಲ್ಲದಿದ್ದು 2010ರಿಂದ ಮತ್ತೆ ಪ್ರಯಾಣಿಕರನ್ನು ಕಂಡಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ಹಾರಾಟ ಶಾಲೆಯೂ ಅದೇ ದಶಕದ ಕೊನೆಗೆ ಹುಟ್ಟಿತು. ಕಲಿಯುವವರಿಗಾಗಿ ಬೆಂಗಳೂರಿನ ವಿಜ್ಞಾನಿಗಳೇ ರಚಿಸಿದ ಎರಡು ಆಸನದ ‘ಹಂಸ’ವು 1993ರಲ್ಲಿ ಮೊದಲು ಹಾರಿತು. ಕಲಿಯುವ ಅನುಕೂಲಕ್ಕೆ ನಾಡಿನಲ್ಲಿ ಕೊರತೆಯಿಲ್ಲ. ಕೊರತೆ ಕಾಣುವುದು, ನಮಗೆ ತೋರುವಂತೆ, ಬೇರೊಂದು ಕಡೆ. ಆಷಾಢದಲ್ಲಿ ಕೊಡಗಿನ ಕಡೆಯಿಂದ ಮೋಡ ತಗ್ಗಿ ಬರುತ್ತಿರುವಾಗ, ಗೆಳೆಯರು ಕಾದಿರುವಾಗ, ಹಣವನ್ನೂ ಕೊಟ್ಟಾಗಿರುವಾಗ, ‘ಇಂದು ಹೊರಡುವುದಿಲ್ಲ’ವೆಂದು ಹೇಳುವುದು ಕಷ್ಟ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನೆಡಿಯವರ ಮಗ 1999ರ ಜುಲೈ 16ರ ರಾತ್ರಿ, ಹೆಂಡತಿಯನ್ನೂ ಅವಳ ಅಕ್ಕನನ್ನೂ ಕೂರಿಸಿಕೊಂಡು, ಮಬ್ಬು ಕವಿದ ಕಡಲಿನ ಮೇಲೆ ಮದುವೆಯೊಂದಕ್ಕೆ ಹೊರಟನು. ಅವನಿಗೆ ಉಪಕರಣ ಹಾರಾಟದ ಅರ್ಹತೆಯಿರಲಿಲ್ಲ. ಮೂವರೂ ಕಡಲ ಪಾಲಾದರು. ಮನೆಯವರು ‘ಬೇಗ ಬಾ’ ಎಂದು ಒತ್ತಾಯಪಡಿಸುವುದೂ ಪೈಲೆಟ್ಟಿನ ಮೇಲೆ ಒಂದು ಭಾರವೇ ಎಂಬುದನ್ನು ತಾಯಿತಂದೆಗಳು ತಿಳಿದಿದ್ದರೆ ಲೇಸು.

ಆ ಅರ್ಹತೆಯನ್ನು ಪಡೆಯಬೇಕಾದರೆ, ಊರಿಂದೂರಿಗೆ ತಾನೇ ಮುಖ್ಯನಾಗಿ 50 ಗಂಟೆ ಹಾರಿರಬೇಕು. ಉಪಕರಣಗಳ ಮೇಲೆ 40 ಗಂಟೆ ಅಭ್ಯಾಸವಾಗಿರಬೇಕು. ಇದರಲ್ಲಿ 20 ಗಂಟೆಯವರೆಗೆ ನೆಲದ ಮೇಲಿನ ಕೃತಕ ವಿಮಾನದಲ್ಲಿ ಮಾಡಬಹುದು. ಉಳಿದುದನ್ನು ಆಕಾಶದಲ್ಲಿ, ಹಲಗೆಯ ಹೊರತು ಬೇರೇನೂ ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ಪಕ್ಕದಲ್ಲಿ ಗುರುವನ್ನು ಕೂರಿಸಿಕೊಂಡು ಮಾಡುವರು. ಖರ್ಚೂ ಶ್ರಮವೂ ಹೆಚ್ಚು. ಬಿಟ್ಟರೆ ಕೈ ಮರೆಯುವ ವಿದ್ಯೆ. ಆದಕಾರಣ ಸಂತೋಷಕ್ಕಾಗಿ ಹಾರುವವರಲ್ಲಿ ಅನೇಕರು ಇದರ ಗೋಜಿಗೆ ಹೋಗುವುದಿಲ್ಲ. ಅದು ತಪ್ಪೆಂದು ನಾವು ಹೇಳಲಾರೆವು. ಮೋಡ ಕವಿದ ದಿನ ಅವರು ವಿಮಾನಕ್ಕೆ ಹೊದಿಕೆ ಹೊದಿಸಿ ಬಂದು, ಬೆಂಗಳೂರಿಗೆ ರೈಲಿನಲ್ಲಿ ಹೋಗುವರು.